ಹಡಗು ಬರುವ ದಿನ ತುಂಬುವ ಹೊಳೆ

ಸಮುದ್ರ ಅಂದರೆ ನಮ್ಮ ಬದನಗುಪ್ಪೆ ಕಡೆಯವರಿಗೆ ದೂರದ ನೆಂಟ ಇದ್ದ ಹಾಗೆ. ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಬತ್ತೇರಿಯ ಮೇಲೆ ಘಟ್ಟ ಇಳಿದು ಕೋಳಿಕೋಡಿಗೆ ಹೋದರೆ ಅದರ ಮುಖ ಕಾಣುತ್ತದೆ. ರೈಲು ಕೂಡ ನಮ್ಮ ಸ್ಟೇಷನ್ ದಾಟಿ ಚಾಮರಾಜನಗರದಲ್ಲಿ ನಿಂತುಬಿಡುತ್ತದೆ, ಅಲ್ಲಿಂದಾಚೆಗೆ ಹಳಿಯೇ ಇಲ್ಲ. ಅಂಥ ಊರಿನವಳು ಹಡಗಿನ ಬಗ್ಗೆ ಬರೆಯಲು ಕೂತಿದ್ದಾಳೆ ಅಂದರೆ ನಿಮಗೆ ನಗು ಬರಬಹುದು. ಆದರೆ ನಾನು ನೋಡಿ ಬಂದ ಶಿಪ್‌ಯಾರ್ಡ್ ಕೂಡ ಸಮುದ್ರದ ದಡದಲ್ಲಿಲ್ಲ! ಸುತ್ತ ಹುಲ್ಲುಗಾವಲು, ಮೇಯುವ ಹಸು, ಸುಮಾರು ನಲವತ್ತು ಕಿಲೋಮೀಟರ್ ಒಳನಾಡು. ಅಲ್ಲಿ ಪ್ರಪಂಚದ ಅತಿ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಕೆಲವನ್ನು ಕಟ್ಟುತ್ತಾರೆ. ಕಟ್ಟಿದ ಮೇಲೆ ಅವುಗಳನ್ನು ಒಂದು ಸಣ್ಣ ಹೊಳೆಯಲ್ಲಿ ಸಮುದ್ರಕ್ಕೆ ಕಳಿಸುತ್ತಾರೆ. ಆ ಹೊಳೆಯ ಕಥೆಯೇ ಈ ಲೇಖನ.

ಊರಿನ ಹೆಸರು ಪಾಪೆನ್‌ಬರ್ಗ್. ಜರ್ಮನಿಯ ವಾಯವ್ಯ ಮೂಲೆ, ನೆದರ್‌ಲ್ಯಾಂಡ್ಸ್ ಗಡಿಗೆ ಹತ್ತಿರ. ಹೊಳೆಯ ಹೆಸರು ಎಮ್ಸ್.

ಹುಲ್ಲುಗಾವಲಿನ ನಡುವೆ ಹಡಗು

ಮಗಳು–ಅಳಿಯ ಇರುವುದು ಓಲ್ಡನ್‌ಬರ್ಗ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಅಳಿಯ, "ಅತ್ತೆ, ಇವತ್ತು ನಿಮಗೆ ಹೊಲದಲ್ಲಿ ಹಡಗು ತೋರಿಸ್ತೀನಿ" ಅಂದರು. ತಮಾಷೆ ಅಂದುಕೊಂಡೆ. ಕಾರಿನಲ್ಲಿ ಒಂದು ಗಂಟೆ ದಾರಿ. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ನೆಲ, ಒಂದು ಗುಡ್ಡ ಇಲ್ಲ, ದಿಣ್ಣೆ ಇಲ್ಲ. ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ ನೋಡಿ ಬೆಳೆದ ಕಣ್ಣಿಗೆ ಏನೋ ಕಳೆದುಹೋದ ಹಾಗೆ. ಆ ಬಯಲಿನ ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಂದು ಪೆಟ್ಟಿಗೆ ಎದ್ದು ನಿಂತಿತ್ತು. ಹತ್ತಿರ ಹೋದಂತೆ ಅದು ಕಟ್ಟಡ ಅಂತ ಗೊತ್ತಾಯಿತು. ಅದೇ ಮೈಯರ್ ವೆರ್ಫ್ಟ್ ಶಿಪ್‌ಯಾರ್ಡಿನ ದೊಡ್ಡ ಹಾಲ್: 504 ಮೀಟರ್ ಉದ್ದ, 125 ಮೀಟರ್ ಅಗಲ, 75 ಮೀಟರ್ ಎತ್ತರ. ಇಪ್ಪತ್ತೈದು ಮಹಡಿಯ ಮನೆ ಅದರೊಳಗೆ ನಿಲ್ಲಬಹುದು. ಮಳೆ, ಚಳಿ ಏನೇ ಇದ್ದರೂ ಹಡಗಿನ ಕೆಲಸ ಸೂರಿನ ಕೆಳಗೇ ನಡೆಯುತ್ತದೆ.

ಇಷ್ಟು ಒಳನಾಡಿಗೆ ಹಡಗಿನ ಕಸುಬು ಬಂದದ್ದು ಹೇಗೆ? ಅದಕ್ಕೆ ಊರು ಹುಟ್ಟಿದ ಕಾಲಕ್ಕೆ ಹೋಗಬೇಕು. ಈ ಸೀಮೆಯೆಲ್ಲ ಮೊದಲು ಜೌಗು ಭೂಮಿ. 1631ರಲ್ಲಿ ಡೀಟ್ರಿಶ್ ಫಾನ್ ಫೇಲನ್ ಎಂಬ ಜಹಗೀರುದಾರ ಈ ಜಾಗವನ್ನು ಕೊಂಡ ಮೇಲೆ ಇಲ್ಲಿ ಜನ ನೆಲೆಸತೊಡಗಿದರು. ಕಾಲುವೆ ತೋಡಿ ನೀರು ಬಸಿದು, ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರು. ನಾವು ಬೆರಣಿ ಉರಿಸುವ ಹಾಗೆ ಅವರು ಆ ಮಣ್ಣನ್ನೇ ಉರಿಸುತ್ತಿದ್ದರು. ಅದನ್ನು ಮಾರಲು ಸಾಗಿಸಬೇಕು, ಸಾಗಿಸಲು ದೋಣಿ ಬೇಕು, ದೋಣಿ ಕಟ್ಟಲು ಬಡಗಿಗಳು ಬೇಕು. ಹೀಗೆ ಕಾಲುವೆ ದಡದಲ್ಲಿ ಸಾಲಾಗಿ ದೋಣಿ ಕಟ್ಟುವ ಅಂಗಳಗಳು ಹುಟ್ಟಿಕೊಂಡವು. 1795ರಲ್ಲಿ ಶುರುವಾದ ಮೈಯರ್ ಮನೆತನದ ಅಂಗಳ ಅವುಗಳಲ್ಲಿ ಒಂದು. ಮರದ ದೋಣಿಯ ಕಾಲ ಹೋಗಿ ಕಬ್ಬಿಣದ ಕಾಲ ಬಂದಾಗ ಉಳಿದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು, ಇವರು ಉಳಿದುಕೊಂಡರು. ಇವತ್ತಿಗೂ ಊರಿನ ನಡುವೆ ಕಾಲುವೆ ಹರಿಯುತ್ತದೆ, ಪುರಸಭೆ ಕಟ್ಟಡದ ಮುಂದೆ ಹಳೆಯ ಕಾಲದ ಹಾಯಿಹಡಗಿನ ಪ್ರತಿರೂಪವೊಂದು ನಿಂತಿದೆ.

ಶಿಪ್‌ಯಾರ್ಡ್ ನೋಡಲು ಬರುವವರಿಗೆ ಒಳಗೆ ಗ್ಯಾಲರಿ ಮಾಡಿದ್ದಾರೆ. ಗಾಜಿನ ಹಿಂದೆ ನಿಂತು ಕೆಳಗೆ ನೋಡಬೇಕು. ನಾವು ಹೋದಾಗ ಜಪಾನಿನ ಕಂಪನಿಯೊಂದಕ್ಕೆ 'ಅಸುಕಾ 3' ಎಂಬ ಹಡಗು ತಯಾರಾಗುತ್ತಿದ್ದ ಕಾಲ. ಹಡಗನ್ನು ಅಡಿಯಿಂದ ಮೇಲಕ್ಕೆ ಇಟ್ಟಿಗೆ ಕಟ್ಟಿದಂತೆ ಕಟ್ಟುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ನೂರಾರು ಟನ್ ತೂಕದ ತುಂಡುಗಳನ್ನು ಬೇರೆ ಬೇರೆ ಕಡೆ ಸಿದ್ಧ ಮಾಡಿ, ಪೈಪು, ವೈರು ಎಲ್ಲ ಒಳಗೇ ಎಳೆದು, ಕ್ರೇನಿನಲ್ಲಿ ತಂದು ಜೋಡಿಸಿ ಬೆಸುಗೆ ಹಾಕುತ್ತಾರೆ. ಪ್ರಯಾಣಿಕರು ಮಲಗುವ ಕೋಣೆಗಳು ಬಚ್ಚಲು, ಮಂಚದ ಸಮೇತ ಬೇರೆ ಕಡೆ ತಯಾರಾಗಿ ಬರುತ್ತವೆ. ಬೆಂಕಿಪೊಟ್ಟಣದ ಡ್ರಾಯರ್ ತಳ್ಳಿದ ಹಾಗೆ ಹಡಗಿನೊಳಕ್ಕೆ ತಳ್ಳುವುದಷ್ಟೇ ಬಾಕಿ.

ಹಿಂದಿನ ತಿಂಗಳಷ್ಟೇ ಇಲ್ಲಿಂದ 'ಡಿಸ್ನಿ ಟ್ರೆಷರ್' ಎಂಬ ಹಡಗು ಹೊರಟುಹೋಗಿತ್ತು. ಅದರ ಉದ್ದ 341 ಮೀಟರ್. ನಮ್ಮ ಮೈಸೂರು–ಚಾಮರಾಜನಗರ ರೈಲಿನ ಬೋಗಿಗಳನ್ನು ಒಂದರ ಹಿಂದೆ ಒಂದು ಹದಿನೈದು ನಿಲ್ಲಿಸಿದರೆ ಎಷ್ಟೋ ಅಷ್ಟು. ಕೋಣೆಗಳೇ ಸಾವಿರದ ಇನ್ನೂರಕ್ಕೂ ಹೆಚ್ಚು.

ಜಾರಿಸುವುದಿಲ್ಲ, ತೇಲಿಸುತ್ತಾರೆ

ಹಡಗನ್ನು ನೀರಿಗೆ ಬಿಡುವುದು ಅಂದರೆ ನಮ್ಮ ತಲೆಯಲ್ಲಿ ಒಂದು ಚಿತ್ರ ಇದೆ. ಇಳಿಜಾರಿನ ಮೇಲೆ ಕಟ್ಟಿದ ಹಡಗು ಜಾರುಬಂಡೆಯಲ್ಲಿ ಮಗು ಜಾರಿದಂತೆ ಸರ್ರನೆ ನೀರಿಗೆ ಇಳಿಯುವುದು. ಟೈಟಾನಿಕ್ ಹಾಗೇ ಇಳಿದದ್ದು. 1911ರ ಮೇ 31ರಂದು ಬೆಲ್‌ಫಾಸ್ಟ್‌ನಲ್ಲಿ, ಒಂದು ನಿಮಿಷದ ಕೆಲಸ. ನಮಗೆ ಹತ್ತಿರದ ಕೋಳಿಕೋಡಿನ ಬೇಪೂರಿನಲ್ಲಿ ಮರದ 'ಉರು' ಹಡಗುಗಳನ್ನು ಖಲಾಸಿಗಳು ಹಗ್ಗ ಕಟ್ಟಿ, ಕೆಳಗೆ ದಿಮ್ಮಿ ಉರುಳಿಸಿ, ಒಟ್ಟಿಗೆ ದನಿ ಎತ್ತಿ ನೀರಿಗೆ ತಳ್ಳುತ್ತಾರೆ. ನಮ್ಮ ರಾಜ್ಯದಲ್ಲೂ ಮಲ್ಪೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಅಂಗಸಂಸ್ಥೆಯೊಂದು ಇದೆ. ಅಲ್ಲಿ ಟಗ್ಗುಗಳನ್ನು ಕಟ್ಟುತ್ತಾರೆ, ನಾರ್ವೆ ದೇಶದ ಕಂಪನಿಯಿಂದ ಸರಕು ಹಡಗುಗಳ ಆರ್ಡರ್ ಕೂಡ ಬಂದಿದೆ. ಆದರೆ ಬೇಪೂರು, ಮಲ್ಪೆ ಎರಡರಲ್ಲೂ ಕಡಲು ಪಕ್ಕದಲ್ಲೇ.

ಪಾಪೆನ್‌ಬರ್ಗ್‌ನಲ್ಲೂ ಮೊದಲು ಜಾರಿಸುತ್ತಲೇ ಇದ್ದರು, ಅದೂ ಅಡ್ಡಡ್ಡಲಾಗಿ! 1980ರ ದಶಕದಲ್ಲಿ 'ಹೋಮೆರಿಕ್' ಎಂಬ ದೊಡ್ಡ ಪ್ರವಾಸಿ ಹಡಗನ್ನೂ ಹಾಗೆ ಪಕ್ಕಕ್ಕೆ ಜಾರಿಸಿಯೇ ನೀರಿಗಿಳಿಸಿದ್ದು. ಆಮೇಲೆ ಸೂರಿರುವ ಡಾಕ್ ಬಂತು. ಈಗ ಹಡಗನ್ನು ದೊಡ್ಡ ತೊಟ್ಟಿಯಂಥ ಡಾಕಿನೊಳಗೆ ಕಟ್ಟುತ್ತಾರೆ. ಮುಗಿದ ಮೇಲೆ ತೊಟ್ಟಿಗೆ ನೀರು ಬಿಡುತ್ತಾರೆ. ಹಡಗು ಸದ್ದಿಲ್ಲದೆ ಮೇಲೇಳುತ್ತದೆ, ಬಾಗಿಲು ತೆಗೆದರೆ ಹೊರಗೆ ಬರುತ್ತದೆ. ಕೇಳಲು ಸುಲಭ. ಕಷ್ಟ ಶುರುವಾಗುವುದು ಅಲ್ಲಿಂದಾಚೆಗೆ.

ಏರಿಯ ಮೇಲಿನ ಮಾತು

ಶಿಪ್‌ಯಾರ್ಡಿನಿಂದ ನಾವು ಹೊಳೆ ಹಿಡಿದು ಉತ್ತರಕ್ಕೆ ಹೊರಟೆವು. ಎಮ್ಸ್ ಹೊಳೆಯ ಎರಡೂ ದಡಕ್ಕೆ ನಮ್ಮ ಕೆರೆ ಏರಿಯಂಥ ಏರಿ ಕಟ್ಟಿದ್ದಾರೆ. ಏರಿಯ ಮೇಲೆ ಹುಲ್ಲು, ಹುಲ್ಲಿನಲ್ಲಿ ಕುರಿ. ಕುರಿ ತುಳಿದರೆ ಏರಿ ಗಟ್ಟಿಯಾಗುತ್ತದೆ ಅಂತ ಬೇಕೆಂದೇ ಬಿಡುತ್ತಾರಂತೆ. ವೀನರ್ ಊರಿನ ಹತ್ತಿರ ಕಾರು ನಿಲ್ಲಿಸಿ ಏರಿ ಹತ್ತಿದರೆ ಆಗ ಇಳಿತದ ಹೊತ್ತು. ಸಮುದ್ರದ ಉಬ್ಬರ–ಇಳಿತ ಈ ಹೊಳೆಯಲ್ಲಿ ಪಾಪೆನ್‌ಬರ್ಗ್ ದಾಟಿಯೂ ಬರುತ್ತದೆ. ಹಾಗಾಗಿ ದಿನಕ್ಕೆ ಎರಡು ಸಲ ಹೊಳೆ ತುಂಬುತ್ತದೆ, ಎರಡು ಸಲ ಬತ್ತುತ್ತದೆ. ನಮ್ಮ ಕಣ್ಣಿಗೆ ಬಿದ್ದದ್ದು ಬೂದು ಬಣ್ಣದ ಕೆಸರಿನ ಎರಡು ದಂಡೆ, ನಡುವೆ ಕೆಂಗಂದು ನೀರು. ಬೇಸಿಗೆಯ ಸುವರ್ಣಾವತಿಗಿಂತ ದೊಡ್ಡದು, ಸರಿ. ಆದರೆ ಹದಿನೈದು ಬೋಗಿ ಉದ್ದದ ಹಡಗು?

ನಮ್ಮ ಯಜಮಾನರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಯೇಬಿಟ್ಟರು: "ಇದ್ರಲ್ಲಿ ಹಡಗು ಹೆಂಗವ್ವಾ ಹೋದದು?"

ಅಲ್ಲೇ ನಾಯಿ ಹಿಡಿದು ಅಡ್ಡಾಡುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಿಂತರು. ಮಗಳು ಜರ್ಮನ್‌ನಲ್ಲಿ ಕೇಳಿದಳು. ಅವರಿಗೆ ಇಂಥ ಪ್ರಶ್ನೆ ಕೇಳುವವರು ಬೇಕಾಗಿತ್ತೇನೋ, ಅರ್ಧ ಗಂಟೆ ವಿವರಿಸಿದರು.

ಉತ್ತರ ಹೊಳೆಯ ಬಾಯಲ್ಲಿದೆ. ಗಾಂಡರ್ಸಮ್ ಎಂಬಲ್ಲಿ, 476 ಮೀಟರ್ ಉದ್ದಕ್ಕೆ, ಹೊಳೆಗೆ ಅಡ್ಡಲಾಗಿ ಬಾಗಿಲುಗಳ ಸಾಲು ಕಟ್ಟಿದ್ದಾರೆ. 2002ರಲ್ಲಿ ಮುಗಿಯಿತು. ಬಿರುಗಾಳಿಯಲ್ಲಿ ಸಮುದ್ರ ಉಕ್ಕಿ ಬಂದಾಗ ಊರು ಮುಳುಗದಂತೆ ಬಾಗಿಲು ಮುಚ್ಚುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಹಡಗಿಗಾಗಿ ಹೊಳೆ ತುಂಬಿಸುವುದು. ಉಬ್ಬರದ ನೀರು ಒಳಗೆ ಬಂದು ತುಂಬಿದ ಹೊತ್ತಿಗೆ ಬಾಗಿಲು ಮುಚ್ಚುತ್ತಾರೆ, ಬಂದ ನೀರು ವಾಪಸ್ ಹೋಗುವ ಹಾಗಿಲ್ಲ. ಮೇಲಿನಿಂದ ಹೊಳೆಯ ನೀರು ಬಂದು ಸೇರುತ್ತದೆ. ಸಾಲದಿದ್ದರೆ ಸಮುದ್ರದ ಕಡೆಯಿಂದ ಪಂಪು ಹಾಕಿ ಎತ್ತುತ್ತಾರೆ. ಹೀಗೆ ಸಮುದ್ರ ಮಟ್ಟಕ್ಕಿಂತ 2.70 ಮೀಟರ್‌ವರೆಗೆ ನೀರು ನಿಲ್ಲಿಸಬಹುದು. ಹಡಗಿನ ಹೊಟ್ಟೆ ಏಳೆಂಟು ಮೀಟರ್ ನೀರಿನೊಳಗೆ ಇಳಿದಿರುತ್ತದಲ್ಲ, ಆ ಹೊಟ್ಟೆ ನೆಲಕ್ಕೆ ತಾಗಬಾರದು. ಅದಕ್ಕೆ ಇಷ್ಟೆಲ್ಲ.

"ಅಂದ್ರೆ ನಮ್ ಕಡೆ ಕಬಿನಿ ನೀರೆತ್ತಿ ಕೆರೆ ತುಂಬ್ಸಿದ ಹಾಗೆ" ಅಂದರು ಯಜಮಾನರು. ಮಗಳು ಅದನ್ನು ಅನುವಾದಿಸಲು ಸ್ವಲ್ಪ ಒದ್ದಾಡಿದಳು.

ಹಡಗು ಹೊರಡುವುದು ಹಿಂದೆ ಮುಂದಾಗಿ. ಹಿಂಭಾಗ ಮುಂದೆ, ಮೂತಿ ಹಿಂದೆ. ಹಿಂಭಾಗದಲ್ಲಿರುವ ಪ್ರೊಪೆಲ್ಲರುಗಳು ಮುಂದೆ ಇದ್ದರೆ ತಿರುವುಗಳಲ್ಲಿ ಹಿಡಿತ ಚೆನ್ನಾಗಿರುತ್ತದಂತೆ. ಮುಂದೊಂದು, ಹಿಂದೊಂದು ಟಗ್ ಹಗ್ಗ ಬಿಗಿದು ಜೊತೆಗಿರುತ್ತವೆ. ಹೊಳೆಯ ಪೈಲಟ್‌ಗಳು ಮೊದಲೇ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಈ ದಾರಿಯನ್ನು ಮತ್ತೆ ಮತ್ತೆ ಓಡಿಸಿ ಅಭ್ಯಾಸ ಮಾಡಿರುತ್ತಾರೆ. ಗಾಳಿ ಜೋರಾದರೆ ಪ್ರಯಾಣವೇ ಮುಂದಕ್ಕೆ. ಅಷ್ಟೆತ್ತರದ ಹಡಗಿನ ಮೈಯೇ ಒಂದು ಹಾಯಿ ಆಗಿಬಿಡುತ್ತದೆ, ಗಾಳಿ ತಳ್ಳಿದರೆ ನಿಲ್ಲಿಸುವವರಿಲ್ಲ. ಪ್ರಯಾಣಿಕರು ಒಬ್ಬರೂ ಇರುವುದಿಲ್ಲ, ಸಿಬ್ಬಂದಿ ಮತ್ತು ಎಂಜಿನಿಯರ್‌ಗಳು ಮಾತ್ರ.

ಅವರು ಹೇಳುವುದನ್ನು ಕೇಳುತ್ತಾ ನನಗೆ ಚಾಮರಾಜೇಶ್ವರನ ಆಷಾಢದ ತೇರು ಕಣ್ಣಿಗೆ ಕಟ್ಟಿತು. ತೇರು ಎಳೆಯುವವರು ನೂರಾರು ಜನ ಇದ್ದರೂ, ನಿಜವಾದ ಕೆಲಸ ಚಕ್ರದ ಪಕ್ಕದಲ್ಲಿ ಓಡುತ್ತಾ ಮರದ ದಿಮ್ಮಿ ಕೊಟ್ಟು ತಿರುಗಿಸುವ ಆ ನಾಲ್ಕೈದು ಮಂದಿಯದು. 2017ರಲ್ಲಿ ನಮ್ಮ ತೇರಿಗೆ ಬೆಂಕಿ ಬಿದ್ದು, ಆಷಾಢ ಬಂದರೂ ತೇರಿಲ್ಲದೆ, ಮದುವೆಯಾದ ಹೊಸ ಜೋಡಿಗಳು ಹಣ್ಣು–ಜವನ ಎಸೆಯಲು ತೇರೇ ಇಲ್ಲದೆ ವರ್ಷಗಳು ಕಳೆದವು. 2022ರಲ್ಲಿ ಹೊಸ ತೇರು ಮೊದಲ ಸಲ ಅಲುಗಾಡಿದಾಗ ಜನ ಹೇಗೆ ಕೂಗಿದರು! ಇಲ್ಲಿನ ಏರಿಯ ಮೇಲೂ ಹಾಗೇ ಜಾತ್ರೆಯಂತೆ. ಹಡಗು ಹೊರಡುವ ದಿನ ದೂರದೂರದಿಂದ ಸಾವಿರಾರು ಜನ ಬರುತ್ತಾರೆ. ಮಡಿಸುವ ಕುರ್ಚಿ, ಫ್ಲಾಸ್ಕು, ಕಂಬಳಿ ತಂದು ರಾತ್ರಿಯಾದರೂ ಕಾಯುತ್ತಾರೆ. ಅಷ್ಟು ದೊಡ್ಡ ಹಡಗು ನಡೆಯುವವರ ವೇಗದಲ್ಲಿ, ಮನೆಗಳ ಮಾಡಿನಾಚೆ, ಹಸುಗಳ ಹಿಂದೆ, ನೆಲದ ಮೇಲೇ ಸಾಗಿದಂತೆ ಕಾಣುತ್ತದಂತೆ. ಏರಿಯ ಹಿಂದಿನಿಂದ ನೋಡುವವರಿಗೆ ನೀರೇ ಕಾಣುವುದಿಲ್ಲವಲ್ಲ!

ಮುರಿದ ಸೇತುವೆ, ಕದಡದ ಚಹಾ

ದಾರಿಯಲ್ಲಿ ಹಡಗಿಗೆ ಎರಡು ಸೇತುವೆ ಅಡ್ಡ ಬರುತ್ತವೆ. ಲೇರ್ ಊರಿನದು ಎತ್ತುವ ಸೇತುವೆ, ಹಡಗು ಬಂದಾಗ ನಡುಭಾಗ ಮೇಲೆದ್ದು ದಾರಿ ಬಿಡುತ್ತದೆ. ವೀನರ್‌ನದು ರೈಲು ಸೇತುವೆ, ಹೆಸರು ಫ್ರೀಸನ್ ಸೇತುವೆ. ಮೊದಲು ಪ್ರತಿ ದೊಡ್ಡ ಹಡಗು ಬಂದಾಗಲೂ ತೇಲುವ ಕ್ರೇನ್ ತಂದು ಸೇತುವೆಯ ನಡುವಿನ ತುಂಡನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದರು, ಆಮೇಲೆ ಮತ್ತೆ ಜೋಡಿಸುತ್ತಿದ್ದರು! ವಿಚಿತ್ರ ಅಂದರೆ ಆ ಸೇತುವೆಯನ್ನು ಹಾಳು ಮಾಡಿದ್ದು ದೊಡ್ಡ ಹಡಗಲ್ಲ. 2015ರ ಡಿಸೆಂಬರ್‌ನಲ್ಲಿ 'ಎಮ್ಸ್‌ಮೂನ್' ಎಂಬ ಸರಕು ಹಡಗು ಮುಚ್ಚಿದ್ದ ಸೇತುವೆಗೆ ಗುದ್ದಿತು. ಅಂದಿನಿಂದ ಲೇರ್‌ನಿಂದ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ಗೆ ಹೋಗುವ ರೈಲು ದಾರಿ ತುಂಡಾಯಿತು. ನಾವು ಹೋದಾಗ ಅದೇ ಜಾಗದಲ್ಲಿ ತಿರುಗುವ ಹೊಸ ಸೇತುವೆಯ ಕೆಲಸ ನಡೆಯುತ್ತಿತ್ತು.

ಲೇರ್ ಊರಿನಲ್ಲಿ ಚಹಾ ಕುಡಿಯದೆ ಬರಬಾರದು. ಕಾಫಿ ಕುಡಿಯುವ ಜರ್ಮನಿಯಲ್ಲಿ ಈ ಮೂಲೆಯವರಿಗೆ ಮಾತ್ರ ಚಹಾ ಪ್ರಾಣ, ಅದೂ ಹೆಚ್ಚಾಗಿ ನಮ್ಮ ಅಸ್ಸಾಮಿನ ಎಲೆ. ಬಟ್ಟಲಿಗೆ ಮೊದಲು ದೊಡ್ಡ ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಚಹಾ. ಸಕ್ಕರೆ ಚಟ್ ಅಂತ ಸೀಳುವ ಸದ್ದು ಕೇಳಬೇಕು. ಮೇಲೆ ಒಂದು ಚಮಚ ಕೆನೆ. ಕದಡುವ ಹಾಗಿಲ್ಲ! ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯುವುದು ಮರ್ಯಾದೆಯಂತೆ. ನಮ್ಮ ಯಜಮಾನರು ಮರ್ಯಾದೆ ಕಾಪಾಡಿದರು.

ಹೊಳೆ ಕೊಟ್ಟದ್ದು, ಹೊಳೆಗೆ ಕೊಟ್ಟದ್ದು

ಏರಿಯ ಮೇಲೆ ಸಿಕ್ಕ ಆ ಹಿರಿಯರನ್ನು ಹೊರಡುವ ಮುಂಚೆ ನಾನು ಕೇಳಿದ್ದೆ: "ಹಡಗು ಹೋಗುವಾಗ ನಿಮಗೆ ಸಂತೋಷವಾ?"

ಅವರು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. ಅವರ ಮಗ ಅದೇ ಶಿಪ್‌ಯಾರ್ಡಿಗೆ ದುಡಿಯುತ್ತಾನೆ. "ಹಡಗು ಬಂದ ದಿನ ಚಪ್ಪಾಳೆ ತಟ್ಟುತ್ತೇನೆ, ಮಾರನೇ ದಿನ ಹೊಳೆ ನೋಡಿ ಬೇಜಾರಾಗುತ್ತದೆ" ಅಂದರು. ಅವರು ಹುಡುಗರಾಗಿದ್ದಾಗ ಈ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರಂತೆ.

ಆಮೇಲೆ ಮಗಳು, ಅಳಿಯ ಬಿಡಿಸಿ ಹೇಳಿದರು. ಹಡಗುಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾದಂತೆ ಹೊಳೆಯ ತಳವನ್ನು ತೋಡಿ ತೋಡಿ ಆಳ ಮಾಡಿದರು. ಆಳವಾದ ಹೊಳೆಗೆ ಉಬ್ಬರದ ನೀರು ರಭಸದಿಂದ ನುಗ್ಗುತ್ತದೆ, ಬರುವಾಗ ಸಮುದ್ರದ ಹೂಳನ್ನು ಹೊತ್ತು ತರುತ್ತದೆ. ಇಳಿತದ ನೀರಿಗೆ ಅಷ್ಟು ರಭಸವಿಲ್ಲ, ತಂದ ಹೂಳು ಇಲ್ಲೇ ಉಳಿಯುತ್ತದೆ. ತಳದಲ್ಲಿ ಗಂಜಿಯಂಥ ಕೆಸರು. ಬೇಸಿಗೆಯಲ್ಲಿ ನೀರಿನ ಆಮ್ಲಜನಕ ಎಷ್ಟು ಕಡಿಮೆಯಾಗುತ್ತದೆ ಅಂದರೆ ಮೀನು ಬದುಕುವುದು ಕಷ್ಟ. ನೀರು ನಿಲ್ಲಿಸಿದಾಗ ದಡದ ಹುಲ್ಲುಗಾವಲಿನಲ್ಲಿ ಗೂಡು ಕಟ್ಟಿದ ಹಕ್ಕಿಗಳ ಮೊಟ್ಟೆಗಳಿಗೂ ಅಪಾಯ. ಹಾಗಾಗಿ ಯಾವ ಕಾಲದಲ್ಲಿ ಎಷ್ಟು ನೀರು ನಿಲ್ಲಿಸಬೇಕು ಅನ್ನುವುದಕ್ಕೆ ಕಟ್ಟುಪಾಡುಗಳಿವೆ. 2015ರಲ್ಲಿ ಸರ್ಕಾರ, ಜಿಲ್ಲೆಗಳು, ಶಿಪ್‌ಯಾರ್ಡ್, ಪರಿಸರ ಸಂಘಟನೆಗಳು ಒಂದೇ ಮೇಜಿನ ಸುತ್ತ ಕೂತು 'ಮಾಸ್ಟರ್‌ಪ್ಲಾನ್ ಎಮ್ಸ್ 2050' ಎಂಬ ಒಪ್ಪಂದಕ್ಕೆ ಸಹಿ ಹಾಕಿದರು. ಶಿಪ್‌ಯಾರ್ಡ್ ಉಳಿಯಬೇಕು, ಹೊಳೆಯೂ ಚೇತರಿಸಿಕೊಳ್ಳಬೇಕು, ಅದಕ್ಕೆ 2050ರವರೆಗೆ ಗಡುವು. ಒಂದು ಹೊಳೆಯನ್ನು ಹಾಳು ಮಾಡಲು ಎಷ್ಟು ವರ್ಷ ಬೇಕೋ ಸರಿ ಮಾಡಲೂ ಅಷ್ಟೇ ಬೇಕು ನೋಡಿ.

"ಹಾಗಾದ್ರೆ ಮುಚ್ಚಿಬಿಡಬಹುದಲ್ಲ?" ಅಂತ ಕೇಳುವುದು ಸುಲಭ. ಆ ಶಿಪ್‌ಯಾರ್ಡಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ನೇರ ಕೆಲಸ. ಬಣ್ಣ, ಪೀಠೋಪಕರಣ, ವೈರಿಂಗ್ ಅಂತ ಅದನ್ನು ನಂಬಿದ ಸಣ್ಣ ಕಂಪನಿಗಳು ಎಷ್ಟೋ. ನಾವು ಹೋಗುವ ಸ್ವಲ್ಪ ಮುಂಚೆ ಅದು ಮುಳುಗುವ ಹಂತಕ್ಕೇ ಬಂದಿತ್ತು. ಕೊರೋನಾ ಕಾಲದಲ್ಲಿ ಪ್ರವಾಸಿ ಹಡಗುಗಳೆಲ್ಲ ನಿಂತವು, ಆಮೇಲೆ ಕಬ್ಬಿಣ, ವಿದ್ಯುತ್ತಿನ ಬೆಲೆ ಏರಿತು. ಹಡಗಿನ ವ್ಯಾಪಾರದಲ್ಲಿ ದುಡ್ಡಿನ ದೊಡ್ಡ ಪಾಲು, ಶೇಕಡಾ 80ರಷ್ಟು, ಕೈಗೆ ಬರುವುದು ಹಡಗು ಒಪ್ಪಿಸಿದ ಮೇಲೆ. ಅಲ್ಲಿಯವರೆಗೆ ಸಾಲ ಮಾಡಿಯೇ ಕಟ್ಟಬೇಕು. ಕಬ್ಬು ಕಡಿದು ಕಾರ್ಖಾನೆಗೆ ಹಾಕಿ ದುಡ್ಡಿಗೆ ಕಾಯುವ, ಅರಿಶಿನ ಹಾಕಿ ರೇಟಿಗೆ ಕಾಯುವ ನಮ್ಮ ರೈತರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕೇಂದ್ರ ಸರ್ಕಾರ ಮತ್ತು ರಾಜ್ಯ ಸರ್ಕಾರ ಸೇರಿ ಸುಮಾರು 40 ಕೋಟಿ ಯೂರೋ ಹಾಕಿ ಶೇಕಡಾ 80ರಷ್ಟು ಪಾಲು ತೆಗೆದುಕೊಂಡವು. ಇನ್ನೂರಕ್ಕೂ ಹೆಚ್ಚು ವರ್ಷ ಒಂದೇ ಮನೆತನದ ಕೈಯಲ್ಲಿದ್ದದ್ದು ಸರ್ಕಾರದ ಕೈಗೆ ಹೋಯಿತು. ಊರು ನಿಟ್ಟುಸಿರು ಬಿಟ್ಟಿತು.

ಇದನ್ನೆಲ್ಲ ಕೇಳುತ್ತಾ ನಾನು ಬದನಗುಪ್ಪೆಯನ್ನು ನೆನೆಯದೆ ಇರಲು ಆಗಲಿಲ್ಲ. ನಮ್ಮ ಊರು ಮತ್ತು ಕೆಲ್ಲಂಬಳ್ಳಿ ಸುತ್ತ ಸಾವಿರಕ್ಕೂ ಹೆಚ್ಚು ಎಕರೆ ಹೊಲ ಕೈಗಾರಿಕಾ ಪ್ರದೇಶವಾಯಿತು. ಜೋಳ, ಹುರುಳಿ ಬೆಳೆಯುತ್ತಿದ್ದ ಕಡೆ ಈಗ ಟಾರು ರಸ್ತೆ, ಬೇಲಿ, ಬಣ್ಣದ ಕಾರ್ಖಾನೆ. ನಮ್ಮ ಬೀದಿಯ ಕೆಲವು ಹುಡುಗರು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ, ಬೆಂಗಳೂರಿಗೆ ಹೋಗಬೇಕಾದ್ದು ತಪ್ಪಿತು ಅಂತ ಅವರ ತಾಯಂದಿರಿಗೆ ಸಮಾಧಾನ. ಹೊಲ ಕೊಟ್ಟ ಹಿರಿಯರು ಮಾತ್ರ ಬಸ್ಸಿನಲ್ಲಿ ಹೋಗುವಾಗ ಆ ಕಡೆಯ ಕಿಟಕಿಯಿಂದ ಒಂದು ಸಲ ನೋಡಿಯೇ ನೋಡುತ್ತಾರೆ. ಎರಡೂ ನಿಜ. ಎಮ್ಸ್ ದಡದ ಆ ಹಿರಿಯರ ಚಪ್ಪಾಳೆಯೂ ನಿಜ, ಬೇಜಾರೂ ನಿಜ ಇದ್ದ ಹಾಗೆ.

ಅಲ್ಲಿ ನನಗೆ ಹಿಡಿಸಿದ ಸಂಗತಿ ಒಂದು. ಹೊಳೆಗೆ ಆದ ನಷ್ಟವನ್ನು ಅವರು ಮುಚ್ಚಿಡುವುದಿಲ್ಲ. ಹಡಗಿನ ಹೆಮ್ಮೆ ಹೇಳುವ ಬಾಯಿಂದಲೇ ಕೆಸರಿನ ಲೆಕ್ಕವನ್ನೂ ಹೇಳುತ್ತಾರೆ, ಜಗಳ ಆಡುತ್ತಾರೆ, ಕೂತು ಬರೆದುಕೊಳ್ಳುತ್ತಾರೆ. ದೊಡ್ಡದೊಂದು ಹೊರಡಬೇಕಾದರೆ ಸುತ್ತಲಿನವರೆಲ್ಲ ಸ್ವಲ್ಪ ಸ್ವಲ್ಪ ಜಾಗ ಬಿಡಲೇಬೇಕು. ಸೇತುವೆ ಏಳಬೇಕು, ರೈಲು ಕಾಯಬೇಕು, ಹೊಳೆ ಉಬ್ಬಬೇಕು. ಬಿಟ್ಟುಕೊಟ್ಟವರ ಹೆಸರು ಲೆಕ್ಕದ ಪುಸ್ತಕದಲ್ಲಿ ಇರಬೇಕು, ಅಷ್ಟೇ. ಹೊಳೆ ಆದರೂ ಸರಿ, ಹೊಲ ಆದರೂ ಸರಿ.

ಹೋಗುವವರಿಗೆ

ಮಕ್ಕಳು ಜರ್ಮನಿಯಲ್ಲಿರುವ ಓದುಗರು ಬಹಳ ಮಂದಿ ಇದ್ದೀರಿ, ಅವರಿಗಾಗಿ ಎರಡು ಮಾತು. ಬ್ರೆಮೆನ್ ಅಥವಾ ಓಲ್ಡನ್‌ಬರ್ಗ್‌ನಿಂದ ರೈಲಿನಲ್ಲಿ ಬಂದರೆ ಲೇರ್‌ನಲ್ಲಿ ಬದಲಿಸಿ ಪಾಪೆನ್‌ಬರ್ಗ್ ತಲುಪಬಹುದು. ಶಿಪ್‌ಯಾರ್ಡ್ ನೋಡಲು ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ. ಹಡಗು ಹೊರಡುವುದನ್ನೇ ನೋಡಬೇಕೆಂದರೆ ದಿನಾಂಕವನ್ನು ನಂಬಿ ಕೂರಬೇಡಿ, ಗಾಳಿ–ನೀರು ನೋಡಿ ಕೊನೆಯ ಗಳಿಗೆಯಲ್ಲೂ ಬದಲಾಗುತ್ತದೆ. ಏರಿಯ ಮೇಲೆ ಗಾಳಿ ಬಿಡದೆ ಬೀಸುತ್ತದೆ, ಸ್ವೆಟರ್ ಇರಲಿ. ಹಡಗು ಇಲ್ಲದ ದಿನ ಹೋದರೂ ನಷ್ಟವಿಲ್ಲ. ಇಳಿತದ ಹೊತ್ತಿಗೆ ಒಮ್ಮೆ, ಉಬ್ಬರದ ಹೊತ್ತಿಗೆ ಒಮ್ಮೆ ಅದೇ ಜಾಗದಲ್ಲಿ ನಿಂತು ಹೊಳೆ ನೋಡಿ.

ನಾವು ಗಾಂಡರ್ಸಮ್ ತಲುಪುವ ಹೊತ್ತಿಗೆ ಸಂಜೆಯಾಗಿತ್ತು, ಉಬ್ಬರ ಶುರುವಾಗಿತ್ತು. ಕೆಸರೆಲ್ಲ ಮುಚ್ಚಿಹೋಗಿ ನೀರು ದಡದಿಂದ ದಡಕ್ಕೆ ಹರಡಿತ್ತು. ಬಾಗಿಲುಗಳ ಸಾಲಿನಲ್ಲಿ ಹಡಗಿಗೆಂದು ಬಿಟ್ಟ ದಾರಿ 60 ಮೀಟರ್ ಅಗಲ. ಒಳಗಿನ ನೀರು, ಹೊರಗಿನ ನೀರು ಸಮ ಆದಾಗ ಮಾತ್ರ ಆ ಬಾಗಿಲು ತೆರೆಯುತ್ತಾರೆ. ಆಮೇಲೆ ಹಡಗು ಅದರೊಳಗಿಂದ ಹಾದು ನೆದರ್‌ಲ್ಯಾಂಡ್ಸ್‌ನ ಏಮ್ಸ್‌ಹಾವನ್ ಬಂದರಿಗೆ ಹೋಗಿ, ಉಳಿದ ಕೆಲಸ ಮುಗಿಸಿಕೊಂಡು ಸಮುದ್ರದಲ್ಲಿ ಪರೀಕ್ಷೆಗೆ ಇಳಿಯುತ್ತದೆ. ಮತ್ತೆ ಹುಟ್ಟಿದ ಊರಿಗೆ ಬರುವುದು ಅಪರೂಪ. ಅದು ಹೋದ ಮೇಲೆ ನೀರು ಇಳಿಯುತ್ತದೆ, ಕೆಸರು ಮತ್ತೆ ಕಾಣುತ್ತದೆ. ಪಾಪೆನ್‌ಬರ್ಗ್‌ನ ಹಾಲ್‌ನಲ್ಲಿ ಅಷ್ಟು ಹೊತ್ತಿಗೆ ಮುಂದಿನ ಹಡಗಿನ ತುಂಡುಗಳಿಗೆ ಬೆಸುಗೆ ಬೀಳುತ್ತಿರುತ್ತದೆ.